ಭಾಷೆ ಗೊತ್ತಿಲ್ಲ ಎಂದು ಎದ್ದು ಹೋಗಬೇಡಿ, ಭಾವ

ನಿನ್ನೆಯಿಂದ ಮನಸ್ಸಿಗೆ ಕಿರಿಕಿರಿ. ಬರೆಯದೆ ಸಮಾಧಾನ ಆಗುವುದಿಲ್ಲ.

ಭಾನುವಾರ ಉಡುಪಿಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಹೊರಗೆ ಜೋರು ಮಳೆ. ನಾನು ಟಿವಿಯಲ್ಲಿ ಇರಾನಿನ ಒಂದು ಸಿನಿಮಾ ಹಾಕಿದೆ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಹತ್ತು ನಿಮಿಷ ಆಗಿರಲಿಲ್ಲ, ಭಾವ ಎದ್ದರು. "ಎಂತ ಮಾರಾಯ, ಇದು ನೋಡುವುದಾ, ಓದುವುದಾ? ಹಿಂದಿಯಲ್ಲಿ ಇಲ್ವಾ?" ಎಂದು ಕೇಳಿ ಮೊಬೈಲ್ ಹಿಡಿದು ಜಗಲಿಗೆ ಹೋದರು. ಅವರ ಹಿಂದೆಯೇ ಮಕ್ಕಳೂ ಹೋದರು.

ಬೇರೆ ಯಾರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಹೇಳಿದ್ದು ಭಾವ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ ಮತ್ತು ಬ್ಯಾರಿ, ಬ್ಯಾಂಕಿಗೆ ಹೋದರೆ ಕನ್ನಡ ಮಾತಾಡುವವರು. ಮಂಗಳೂರಿನ ಟಾಕೀಸಿಗೆ ಬಂದ ಮಲಯಾಳಂ ಸಿನಿಮಾಗಳನ್ನು ಬಿಟ್ಟವರಲ್ಲ. ಅವರಿಗೆ ಮಲಯಾಳಂ ಯಾರೂ ಕಲಿಸಲಿಲ್ಲ, ನೋಡಿ ನೋಡಿಯೇ ಬಂತು. ಐದು ಭಾಷೆಗಳ ನಡುವೆ ದಿನ ಕಳೆಯುವ ಊರಿನವರು ನಾವು. ಆರನೆಯದು ಕಿವಿಗೆ ಬಿದ್ದ ಕೂಡಲೇ ಎದ್ದು ಹೋಗುವುದಾ?

ಸಿನಿಮಾ ಯಾವುದು ಗೊತ್ತಾ? ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಮಾಡಿದ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್'. ಒಂದೂವರೆ ಗಂಟೆಯೂ ಇಲ್ಲ. ಅಹ್ಮದ್ ಎಂಬ ಎಂಟು ವರ್ಷದ ಹುಡುಗ. ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಬುಕ್ ತಪ್ಪಿ ಅವನ ಚೀಲಕ್ಕೆ ಬಂದಿದೆ. ನಾಳೆಯೂ ನೋಟ್‌ಬುಕ್ಕಿನಲ್ಲಿ ಹೋಂವರ್ಕ್ ಇರದಿದ್ದರೆ ಗೆಳೆಯನನ್ನು ಶಾಲೆಯಿಂದ ತೆಗೆಯುತ್ತೇನೆ ಎಂದು ಮಾಷ್ಟ್ರು ಹೇಳಿಯಾಗಿದೆ. ಹುಡುಗ ಅದನ್ನು ಕೊಡಲು ಗುಡ್ಡ ಹತ್ತಿ ಪಕ್ಕದ ಊರಿಗೆ ಓಡುತ್ತಾನೆ. ಗೆಳೆಯನ ಮನೆ ಎಲ್ಲಿ ಎಂದು ಗೊತ್ತಿಲ್ಲ. ಕೇಳಿದರೆ ದೊಡ್ಡವರು ಯಾರೂ ಅವನ ಮಾತಿಗೆ ಕಿವಿ ಕೊಡುವುದಿಲ್ಲ. ಇಷ್ಟೇ ಕತೆ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಎಲ್ಲರೂ ಎದ್ದು ಹೋದರೂ ಅಮ್ಮ ಕೂತಿದ್ದರು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಕೆಳಗೆ ಬಂದ ಸಾಲುಗಳನ್ನು ತುಳುವಿನಲ್ಲಿ ಹೇಳುತ್ತಾ ಹೋದೆ. ಯಕ್ಷಗಾನದಲ್ಲಿ ಭಾಗವತರು ಹಾಡಿದ ಪದವನ್ನು ವೇಷಧಾರಿ ಮಾತಿನಲ್ಲಿ ಬಿಡಿಸಿ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದವರು ಅಮ್ಮ. ಅವರಿಗೆ ಇದೇನೂ ತೊಡಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ನನ್ನನ್ನು ತಡೆದರು. "ಅವನು ದಫ್ತರ್ ಅಂದನಲ್ವಾ? ನಮ್ಮ ದಫ್ತರವೇ ಅಲ್ವಾ ಅದು?" ಹೌದು, ಅದೇ. ಇರಾನಿನ ಪಾರ್ಸಿ ಭಾಷೆಯಲ್ಲಿ ನೋಟ್‌ಬುಕ್ಕಿಗೆ ದಫ್ತರ್ ಎನ್ನುತ್ತಾರೆ. ಸಿನಿಮಾದ ಮೂಲ ಹೆಸರೇ 'ಖಾನೆ-ಯೆ ದೂಸ್ತ್ ಕೊಜಾಸ್ತ್'. ದೂಸ್ತ್ ಅಂದರೆ ದೋಸ್ತ್. ಖಾನೆ ಅಂದರೆ ಮನೆ, ನಮ್ಮ ಕಾರ್ಖಾನೆ, ದವಾಖಾನೆಯಲ್ಲಿರುವ ಅದೇ ಖಾನೆ. ಹಿಂದಿ ಡಬ್ಬಿಂಗ್ ಹಾಕಿದ್ದರೆ ಆ ಹುಡುಗನ ಬಾಯಿಂದ ಬಂದ ಈ ಮಾತು ಅಮ್ಮನ ಕಿವಿಗೆ ಬೀಳುತ್ತಿತ್ತಾ? ಏದುಸಿರು ಬಿಡುತ್ತಾ ಕೇಳುವ ಆ ಸಣ್ಣ ದನಿಯನ್ನು ಸ್ಟುಡಿಯೋದಲ್ಲಿ ಕೂತ ಇನ್ಯಾರೋ ಕೊಡಲು ಆಗುತ್ತದಾ?

ಅದರಲ್ಲೊಬ್ಬ ಮುದುಕ ಇದ್ದಾನೆ. ಊರಿನ ಮನೆಗಳ ಮರದ ಬಾಗಿಲು, ಕಿಟಕಿ ಮಾಡಿದವನು. ಈಗ ಎಲ್ಲರೂ ಕಬ್ಬಿಣದ ಬಾಗಿಲು ಹಾಕಿಸುತ್ತಿದ್ದಾರೆ ಎಂದು ಅವನು ಹೇಳುವಾಗ ಅಮ್ಮ ಮಾತಾಡಲಿಲ್ಲ. ನಮ್ಮ ಹಳೇ ಮನೆ ಕೆಡವಿದಾಗ ಹಲಸಿನ ಮರದ ಬಾಗಿಲನ್ನು ಮಾರಿದ್ದೆವು. ಅಮ್ಮನಿಗೆ ಅದು ಇಷ್ಟವಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ.

ದಿನವಿಡೀ ದುಡಿದು ಬಂದವರಿಗೆ ಓದಿಕೊಂಡು ಸಿನಿಮಾ ನೋಡುವುದು ಕಷ್ಟ ಎನ್ನುತ್ತೀರಿ. ಇರಬಹುದು. ಆದರೆ ಅದೇ ಜನ ಮಲಗುವ ತನಕ ವಾಟ್ಸ್ಯಾಪ್ ಓದುತ್ತೇವೆ. ಮೊದಲ ಹದಿನೈದು ನಿಮಿಷ ಮಾತ್ರ ಕಷ್ಟ, ಆಮೇಲೆ ಓದುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಕೆಲವು ಆ್ಯಪ್‌ಗಳು ತಾವಾಗಿಯೇ ಡಬ್ ಆದ ಆಡಿಯೋ ಹಾಕಿಬಿಡುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಮೂಲ ಭಾಷೆ ಆರಿಸಿ. ಅಕ್ಷರ ದೊಡ್ಡದು ಮಾಡಿ. ಅಷ್ಟೇ ಕೆಲಸ.

ಒಂದು ಮಾತು ಒಪ್ಪಿಕೊಳ್ಳಬೇಕು. ಹದಿನೈದು ವರ್ಷ ನಾನು ಇಂಥ ಸಿನಿಮಾಗಳನ್ನು ಕೋಣೆಯ ಬಾಗಿಲು ಹಾಕಿ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ನೋಡಿದೆ. ಮನೆಯವರಿಗೆ ಇದೆಲ್ಲ ಆಗುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಅಪ್ಪ ಜೀವನವಿಡೀ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿದವರು. ನಿರ್ದೇಶಕ ಕುರೊಸಾವಾ ಅವರ 'ಇಕಿರು' 1952ರ ಜಪಾನಿ ಸಿನಿಮಾ. ಸಾಯುವ ಕಾಯಿಲೆ ಬಂದಿದೆ ಎಂದು ಗೊತ್ತಾದ ಮೇಲೆ ಒಬ್ಬ ನಗರಸಭೆಯ ಅಧಿಕಾರಿ ಮಕ್ಕಳಿಗೊಂದು ಪಾರ್ಕ್ ಮಾಡಿಸಲು ಟೇಬಲ್‌ನಿಂದ ಟೇಬಲಿಗೆ ಅಲೆಯುವ ಕತೆ. ಅಪ್ಪನಿಗಿಂತ ಚೆನ್ನಾಗಿ ಅದು ಯಾರಿಗೆ ಅರ್ಥ ಆಗುತ್ತಿತ್ತು? ಪಕ್ಕದಲ್ಲಿ ಕೂತು ಓದಿ ಹೇಳಲಿಲ್ಲ ನಾನು. ಈಗ ಅಪ್ಪ ಇಲ್ಲ.

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ತಮ್ಮ ನಾಟಕ ಸಂಸ್ಥೆ ನೀನಾಸಂನ ಚಿತ್ರಸಮಾಜ ಕಟ್ಟಿದ್ದು 1973ರಲ್ಲಿ. ಅಡಿಕೆ ತೋಟದ ಜನರಿಗೆ ಜಗತ್ತಿನ ಒಳ್ಳೆಯ ಸಿನಿಮಾ ತೋರಿಸಿದರು. ಆಗ ಆದದ್ದು ಈಗ ಮನೆಯಲ್ಲಿ ದೊಡ್ಡ ಟಿವಿ ಇಟ್ಟುಕೊಂಡ ನಮಗೆ ಯಾಕೆ ಆಗುವುದಿಲ್ಲ? ಕನ್ನಡದ ಸಬ್‌ಟೈಟಲ್ ಇರುವ ಇರಾನಿ ಸಿನಿಮಾ ನಾನು ನೋಡುವ ಆ್ಯಪ್‌ಗಳಲ್ಲಿ ಒಂದೂ ಸಿಕ್ಕಿಲ್ಲ. ಅದನ್ನು ಕೇಳಬೇಕು, ಜೋರಾಗಿಯೇ ಕೇಳಬೇಕು. ಬರುವ ತನಕ ಇಂಗ್ಲಿಷ್ ಬಲ್ಲವರು ಓದಿ ಹೇಳೋಣ.

ಸಿನಿಮಾ ಮುಗಿದ ಮೇಲೆ ಅಮ್ಮನಿಗೆ ಇನ್ನೊಂದು ವಿಷಯ ಹೇಳಿದ್ದೆ. 1990ರಲ್ಲಿ ಆ ಕಡೆ ದೊಡ್ಡ ಭೂಕಂಪ ಆಯಿತು, ನಟಿಸಿದ ಮಕ್ಕಳನ್ನು ಹುಡುಕಿಕೊಂಡು ಕಿಯಾರೊಸ್ತಮಿ ಹೋದರು, ಅದರ ಮೇಲೆಯೇ ಮತ್ತೊಂದು ಸಿನಿಮಾ ಮಾಡಿದರು ಎಂದು. ಇವತ್ತು ಬೆಳಿಗ್ಗೆ ಮಂಗಳೂರಿಗೆ ಬಸ್ ಹತ್ತುವಾಗ ಅಮ್ಮನ ಫೋನ್.

"ಆ ಮಕ್ಕಳು ಬದುಕಿದ್ರಾ?"

ಬದುಕಿದ್ದರು ಅಮ್ಮ, ಅದರ ನಂತರ 1994ರಲ್ಲಿ ಅವರು ಮಾಡಿದ ಇನ್ನೊಂದು ಸಿನಿಮಾದಲ್ಲಿ ಕಾಣುತ್ತಾರೆ ಎಂದೆ.

"ಹಾಗಾದರೆ ಬರುವ ಭಾನುವಾರ ಅದನ್ನೇ ಹಾಕು."