ಸೀನಿಯರ್ ತುಂಬಿದ ಫಾರ್ಮ್ ಜೂನಿಯರ್‌ಗೆ ಸಲ್ಲದು

ಅಮೆರಿಕದಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ಮಾಡುತ್ತಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಫೆಬ್ರುವರಿ ಬಂತೆಂದರೆ "ಅಣ್ಣಾ, ಟ್ಯಾಕ್ಸ್ ಯಾವುದರಲ್ಲಿ ಫೈಲ್ ಮಾಡಿದ್ರಿ?" ಎಂಬ ಪ್ರಶ್ನೆ ಶುರುವಾಗುತ್ತದೆ. ಅಣ್ಣ ತಾನು ಬಳಸಿದ ತಂತ್ರಾಂಶದ ಲಿಂಕ್ ಕಳಿಸುತ್ತಾನೆ, ಬಂದ ರಿಫಂಡಿನ ಮೊತ್ತವನ್ನೂ ಹೇಳುತ್ತಾನೆ, ಕೇಳಿದವರು ಅದೇ ದಾರಿ ಹಿಡಿಯುತ್ತಾರೆ. ಆತ ಸುಳ್ಳೇನೂ ಹೇಳಿರುವುದಿಲ್ಲ. ಆದರೆ ಆತ ಬಂದು ಆರು ವರ್ಷವಾಗಿರುತ್ತದೆ, ಕೇಳಿದವರು ಬಂದು ಆರು ತಿಂಗಳು. ತೆರಿಗೆ ಕಾನೂನಿನ ಪ್ರಕಾರ ಇಬ್ಬರೂ ಬೇರೆ ಬೇರೆ ವರ್ಗದವರು, ತುಂಬಬೇಕಾದ ಫಾರ್ಮೂ ಬೇರೆ. ಈ ಸಂಗತಿಯನ್ನು ಇತ್ಯರ್ಥ ಮಾಡಿಕೊಳ್ಳದೆ ರಿಟರ್ನ್ಸ್ ಬಗ್ಗೆ ಸಲಹೆ ಕೇಳಲೂಬಾರದು, ಕೊಡಲೂಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಮಟ್ಟಿಗೆ ಅಲ್ಲಿನ ನಿವಾಸಿಯಲ್ಲದವರು, ಅಂದರೆ ನಾನ್‌ರೆಸಿಡೆಂಟ್ ಆಗಿರುತ್ತಾರೆ. ಡಿಸೆಂಬರಿನ ಕೊನೆಯ ವಾರ ಬಂದಿಳಿದರೂ ಆ ವರ್ಷ ಪೂರ್ತಿ ಲೆಕ್ಕಕ್ಕೆ ಸೇರುತ್ತದೆ. 2021ರ ಆಗಸ್ಟಿನಲ್ಲಿ ಮೊದಲ ಸಲ ಬಂದವರಿಗೆ 2025 ಐದನೆಯ ವರ್ಷ. ಆ ವರ್ಷದ ಆದಾಯಕ್ಕೂ ಅವರು ನಾನ್‌ರೆಸಿಡೆಂಟ್‌ಗಳ ರಿಟರ್ನ್ಸ್ ಆದ 1040-ಎನ್‌ಆರ್ ಫಾರ್ಮನ್ನೇ ಸಲ್ಲಿಸಬೇಕು. ರೆಸಿಡೆಂಟ್‌ಗಳು ತುಂಬುವ ಮಾಮೂಲಿ 1040ರ ಸರದಿ ಬರುವುದು 2026ರ ಆದಾಯದಿಂದ, ಅದೂ ಆ ವರ್ಷ ಅಲ್ಲಿ ಸಾಕಷ್ಟು ದಿನ ಇದ್ದರೆ.

ನಾನ್‌ರೆಸಿಡೆಂಟ್ ಎಂದೊಡನೆ ನಷ್ಟವೆಂದು ಭಾವಿಸುವವರಿದ್ದಾರೆ. ಭಾರತದವರ ವಿಷಯದಲ್ಲಿ ಆ ಭಾವನೆಗೆ ಅಷ್ಟೇನೂ ಆಧಾರವಿಲ್ಲ. ಬೇರೆ ದೇಶಗಳ ನಾನ್‌ರೆಸಿಡೆಂಟ್ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕ ಹಾಕುವ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ), 1989ರ ಭಾರತ–ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದಾಗಿ ನಮಗೆ ಸಿಗುತ್ತದೆ. 2025ನೇ ಸಾಲಿಗೆ ಅದು ಒಂಟಿ ವ್ಯಕ್ತಿಗೆ 15,750 ಡಾಲರ್. ಟಿ.ಎ. (ಬೋಧನಾ ಸಹಾಯಕ) ಕೆಲಸದಿಂದ ವರ್ಷಕ್ಕೆ 24,000 ಡಾಲರ್ ಪಡೆಯುವ ವಿದ್ಯಾರ್ಥಿ ಈ ವಿಧಿಯನ್ನು ಉಲ್ಲೇಖಿಸಿ ಡಿಡಕ್ಷನ್ ಪಡೆದರೆ ಫೆಡರಲ್ ತೆರಿಗೆ 825 ಡಾಲರ್. ಯಾವ ಕಡಿತವನ್ನೂ ಪಡೆಯದಿದ್ದರೆ ಹತ್ತಿರಹತ್ತಿರ 2,640. ಸ್ಟೈಪೆಂಡಿನಲ್ಲಿ ಬಾಡಿಗೆ ಕಟ್ಟಿ ದಿನಸಿ ತರುವವರಿಗೆ ಇದು ಸಣ್ಣ ಮೊತ್ತವಲ್ಲ. ಆದರೂ ಈ ವಿಧಿಯ ಹೆಸರನ್ನೇ ಕೇಳದೆ ಪದವಿ ಮುಗಿಸುವವರು ನಮ್ಮಲ್ಲಿ ಇದ್ದಾರೆ.

ದೊಡ್ಡ ರಿಫಂಡಿನ ಆಮಿಷ ಹುಟ್ಟುವುದು ಇನ್ನೊಂದು ಕಡೆಯಿಂದ. ವಿಶ್ವವಿದ್ಯಾಲಯ ಕಳಿಸುವ, ಕಟ್ಟಿದ ಶುಲ್ಕದ ವಿವರವಿರುವ 1098-ಟಿ ಕಾಗದವನ್ನು ರೆಸಿಡೆಂಟ್‌ಗಳ ತಂತ್ರಾಂಶಕ್ಕೆ ತುಂಬಿದೊಡನೆ ಶಿಕ್ಷಣದ ತೆರಿಗೆ ಕ್ರೆಡಿಟ್ (ತೆರಿಗೆಯಿಂದಲೇ ಕಳೆಯುವ ರಿಯಾಯಿತಿ) ಸೇರಿ ರಿಫಂಡ್ ಉಬ್ಬುತ್ತದೆ. ನಾನ್‌ರೆಸಿಡೆಂಟ್‌ಗೆ ಆ ಕ್ರೆಡಿಟ್ ಇಲ್ಲ. ಬಂದದ್ದನ್ನು ಮುಂದೆ ತಿದ್ದುಪಡಿ ರಿಟರ್ನ್ಸ್ ಆದ 1040-ಎಕ್ಸ್ ಸಲ್ಲಿಸಿ ಬಡ್ಡಿಸಮೇತ ಹಿಂತಿರುಗಿಸಬೇಕಾಗಬಹುದು.

ಇದಕ್ಕೆ ವ್ಯತಿರಿಕ್ತವಾಗಿ, ನ್ಯಾಯವಾಗಿ ನಮ್ಮದೇ ಆದ ಹಣವನ್ನು ಕೇಳದೆ ಬಿಡುವುದೂ ಉಂಟು. ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮಾಡಿದವರು ಕಂಪನಿ ಕೊಡುವ ಸಂಬಳ ಮತ್ತು ಕಡಿತಗಳ ವಿವರಪತ್ರವಾದ ಡಬ್ಲ್ಯೂ-2 ಫಾರ್ಮಿನ 4 ಮತ್ತು 6ನೇ ಚೌಕಗಳನ್ನು ನೋಡಿಕೊಳ್ಳಬೇಕು. ಅವು ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಕಡಿತಗಳು, ಎರಡೂ ಸೇರಿ ಸಂಬಳದ ಶೇ. 7.65. ಎಫ್-1ನಲ್ಲಿರುವ ನಾನ್‌ರೆಸಿಡೆಂಟ್ ವಿದ್ಯಾರ್ಥಿ ಅನುಮತಿ ಪಡೆದು ಮಾಡುವ ಕೆಲಸಕ್ಕೆ ಇವು ಅನ್ವಯಿಸುವುದಿಲ್ಲವಾದ್ದರಿಂದ ಆ ಚೌಕಗಳು ಖಾಲಿ ಇರಬೇಕು. ಕಡಿತವಾಗಿದ್ದರೆ ಮೊದಲು ಕಂಪನಿಯ ಪೇರೋಲ್ ವಿಭಾಗವನ್ನು ಕೇಳಬೇಕು. ಅವರು ಒಪ್ಪದಿದ್ದರೆ 843 ಮತ್ತು 8316 ಫಾರ್ಮುಗಳನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಕಳಿಸಿ ವಾಪಸು ಪಡೆಯಬಹುದು.

ಪಿಎಚ್.ಡಿ. ಆರನೆಯ ವರ್ಷಕ್ಕೆ ಎಳೆದವರ ಕಥೆ ಬೇರೆ. ರೆಸಿಡೆಂಟ್ ಆದ ಮೇಲೆ ಊರಿನ ಬ್ಯಾಂಕಿನಲ್ಲಿರುವ ಎಫ್.ಡಿ. ಬಡ್ಡಿಯನ್ನೂ ಅಮೆರಿಕದ ರಿಟರ್ನ್ಸ್‌ನಲ್ಲಿ ತೋರಿಸಬೇಕು. ವಿದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಪ್ರತ್ಯೇಕವಾಗಿ ಸಲ್ಲಿಸಬೇಕು. ಇರಲಿ ಎಂದು ಅಪ್ಪ ಮಗಳ ಹೆಸರು ಸೇರಿಸಿ ತೆರೆದ ಜಂಟಿ ಖಾತೆಯೂ ಈ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ಒಂದು ರೂಪಾಯಿಯೂ ಆಕೆಯದಲ್ಲದಿದ್ದರೂ.

"ನಾವು ತೆರಿಗೆ ಸಲಹೆ ಕೊಡುವಂತಿಲ್ಲ" ಎಂಬ ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುವ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗಳ ಬಗ್ಗೆ ನನಗೆ ಅಸಮಾಧಾನವಿದೆ. ಹಲವು ವಿಶ್ವವಿದ್ಯಾಲಯಗಳು ನಾನ್‌ರೆಸಿಡೆಂಟ್ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತವೆ, ನಿಜ. ಆದರೆ ಅದನ್ನು ಯಾರು ಬಳಸಬೇಕೆಂದು ತಿಳಿಸದಿದ್ದರೆ ಪ್ರಯೋಜನವೇನು? ಯುಗಾದಿಗೂ ದೀಪಾವಳಿಗೂ ಸಭಾಂಗಣ ಹಿಡಿಯುವ ನಮ್ಮ ಕನ್ನಡ ಕೂಟಗಳು ಫೆಬ್ರುವರಿಯಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಬಹುದು. ಆ ಸಂಜೆ, ಜೊತೆಗೆ ಬಂದ ಸಂಗಾತಿಗಳನ್ನೂ ಮರೆಯದೆ ಕರೆಯಬೇಕು. ವಿದ್ಯಾರ್ಥಿಯ ಅವಲಂಬಿತರಿಗೆ ಕೊಡುವ ಎಫ್-2 ವೀಸಾದಲ್ಲಿ ಬಂದು ಒಂದು ಡಾಲರನ್ನೂ ದುಡಿಯದ ಪತ್ನಿ ಅಥವಾ ಪತಿ ನಾನ್‌ರೆಸಿಡೆಂಟ್ ಆಗಿರುವಷ್ಟು ವರ್ಷ ತಮ್ಮದೇ ಹೆಸರಿನಲ್ಲಿ, ಅಮೆರಿಕದಲ್ಲಿದ್ದ ದಿನಗಳ ವಿವರ ಕೊಡುವ 8843 ಫಾರ್ಮ್ ಕಳಿಸಬೇಕು, ಮಗುವಿನ ಪರವಾಗಿ ತಂದೆತಾಯಿ ಸಹಿ ಹಾಕಬೇಕು. ಸಂಬಳವಿದ್ದವರಿಗೆ ಏಪ್ರಿಲ್ 15 ಗಡುವಾದರೆ, ಇವರಿಗೆ ಜೂನ್ 15ರವರೆಗೆ ಸಮಯವಿದೆ.