ಆಲ್ಟೋನಾದ ಚೆಂಡು, ಹಲಸೂರಿನ ಗೋಣಿಚೀಲ

ನಾನು ಹ್ಯಾಂಬರ್ಗ್‌ಗೆ ಬಂದು ಒಂಬತ್ತು ವರ್ಷವಾಯಿತು. ಮನೆ ಇರುವುದು ಆಲ್ಟೋನಾ ಕಡೆ, ಬಾರೆನ್‌ಫೆಲ್ಡ್‌ನಲ್ಲಿ. ಜರ್ಮನಿಯ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಶಿಪ್‌ನ ಫೈನಲ್ ನಡೆದದ್ದು ನಾನು ದಿನಾ ಬಸ್ಸಿನಲ್ಲಿ ಓಡಾಡುವ ಇದೇ ಏರಿಯಾದಲ್ಲಿ ಅನ್ನೋದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಅದೂ ಪುಸ್ತಕ ಓದಿ ಅಲ್ಲ. ಒಂದು ಭಾನುವಾರ ಮಧ್ಯಾಹ್ನ ಸುಮ್ನೆ ಆಲ್ಟೋನಾ 93 ತಂಡದ ಆಟ ನೋಡೋಕೆ ಹೋಗಿದ್ದೆ. ದೊಡ್ಡ ಲೀಗ್ ಏನಲ್ಲ, ನೂರು ವರ್ಷಕ್ಕೂ ಹಳೆಯದಾದ ಪುಟ್ಟ ಮೈದಾನ. ಜನ ನಿಂತುಕೊಂಡೇ ಆಟ ನೋಡುವ ಮೆಟ್ಟಿಲುಗಳು, ಸಂದಿಯಲ್ಲಿ ಹುಲ್ಲು ಬೆಳೆದಿದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರು ಹಿರಿಯರು ನಿಂತಿದ್ದರು. ನಾನು ಭಾರತದವನು ಅಂತ ತಿಳಿದ ಮೇಲೆ ಅವರು ಮೊದಲು ಹೇಳಿದ್ದು ಏನು ಗೊತ್ತಾ? "ದೇಶದ ಮೊದಲ ಫೈನಲ್‌ಗೆ ಚೆಂಡು ಕೊಟ್ಟಿದ್ದು ನಾವು."

ಆಡಿದ್ದು ನಾವು ಅಂತ ಹೇಳಲಿಲ್ಲ, ಗೆದ್ದಿದ್ದು ನಾವು ಅಂತಲೂ ಅಲ್ಲ. ಚೆಂಡು ಕೊಟ್ಟಿದ್ದು. ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಥೆ ಹೀಗೆ. 1903ರ ಮೇ 31. ಆಗ ಆಲ್ಟೋನಾ ಹ್ಯಾಂಬರ್ಗ್‌ಗೆ ಸೇರಿರಲಿಲ್ಲ, ಅದೇ ಒಂದು ಬೇರೆ ಊರು. ಸ್ಟೇಡಿಯಂ ಅಂತ ಯಾವುದೂ ಇರಲಿಲ್ಲ, ಸೈನಿಕರು ಕವಾಯತು ಮಾಡುತ್ತಿದ್ದ ಬಯಲಿನಲ್ಲೇ ಫೈನಲ್. ನೋಡಲು ಬಂದವರು ಒಂದೆರಡು ಸಾವಿರಕ್ಕಿಂತ ಜಾಸ್ತಿ ಇರಲಿಲ್ಲ. ಒಂದು ಕಡೆ ಲೈಪ್‌ಜಿಗ್ ಊರಿನ ವಿಎಫ್‌ಬಿ, ಇನ್ನೊಂದು ಕಡೆ ಪ್ರಾಗ್‌ನ ಡಿಎಫ್‌ಸಿ. ಎರಡು ತಂಡಗಳೂ ಮೈದಾನಕ್ಕೆ ಇಳಿದವು, ನೋಡಿದರೆ ಆಡೋಕೆ ಸರಿಯಾದ ಒಂದು ಚೆಂಡಿಲ್ಲ! ರೆಫ್ರಿ ಆಗಿದ್ದವರು ಇದೇ ಆಲ್ಟೋನಾ 93 ಕ್ಲಬ್ಬಿನ ಫ್ರಾಂಜ್ ಬೇರ್. ಹುಡುಕಿ ಒಳ್ಳೆ ಚೆಂಡು ತರುವ ಹೊತ್ತಿಗೆ ಅರ್ಧ ಗಂಟೆ ತಡವಾಗಿತ್ತು. ಪ್ರಾಗ್‌ನವರೇ ಮೊದಲು ಗೋಲು ಹೊಡೆದರು, ಅರ್ಧ ಆಟಕ್ಕೆ 1-1. ಆಮೇಲೆ ಲೈಪ್‌ಜಿಗ್ ಬಿಡಲಿಲ್ಲ, 7-2ರಲ್ಲಿ ಗೆದ್ದು ದೇಶದ ಮೊದಲ ಚಾಂಪಿಯನ್ ಆಯಿತು.

ಇದನ್ನು ಕೇಳಿದಾಗ ನನಗೆ ಬೆಂಗಳೂರಿನ ಹಲಸೂರು ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಬೇಸಿಗೆ ರಜೆಯ ಟೂರ್ನಮೆಂಟ್‌ಗಳಲ್ಲಿ ಚೆಂಡಿನ ಬ್ಲಾಡರ್ ತೂತಾಗಿ, ಸೈಕಲ್ ಶಾಪ್‌ಗೆ ಓಡಿಹೋಗಿ ಪಂಕ್ಚರ್ ಹಾಕಿಸಿಕೊಂಡು ಬರುವವರೆಗೆ ಎರಡೂ ಟೀಮು ಮರದ ನೆರಳಲ್ಲಿ ಕೂತಿರುತ್ತಿದ್ದ ದಿನಗಳು. ಜರ್ಮನಿ ಅಂದರೆ ಎಲ್ಲವೂ ಗಡಿಯಾರದ ಮುಳ್ಳಿನ ಹಾಗೆ ಅಂತ ನಾವು ಅಂದುಕೊಂಡಿರುತ್ತೇವೆ. ಅವರೂ ಶುರು ಮಾಡಿದ್ದು ನಮ್ಮ ಥರಾನೇ.

ಚೆಂಡಿನ ವಿಷಯ ಬಿಡಿ, ಆ ಸಲದ ಇಡೀ ಚಾಂಪಿಯನ್‌ಶಿಪ್ಪೇ ಗೊಂದಲದ ಗೂಡು. ಬಂದಿದ್ದು ಆರೇ ತಂಡ. ಕಾರ್ಲ್ಸ್‌ರೂಹೆ ತಂಡಕ್ಕೂ ಪ್ರಾಗ್ ತಂಡಕ್ಕೂ ಎಲ್ಲಿ ಆಡಬೇಕು ಅನ್ನುವುದರಲ್ಲೇ ಜಗಳ ಹತ್ತಿ, ಕ್ವಾರ್ಟರ್ ಫೈನಲ್ ನಡೆಯಲೇ ಇಲ್ಲ. ಸರಿ, ಸೆಮಿಫೈನಲ್‌ನಲ್ಲಿ ಆಡಿಕೊಳ್ಳಿ ಅಂತ ಲೈಪ್‌ಜಿಗ್‌ಗೆ ಕರೆದರು. ಅಷ್ಟರಲ್ಲಿ ಕಾರ್ಲ್ಸ್‌ರೂಹೆಯವರಿಗೆ ಒಂದು ತಂತಿ ಬಂತು. ಪಂದ್ಯ ಮುಂದಕ್ಕೆ ಹೋಗಿದೆ ಅಂತ, ಫುಟ್‌ಬಾಲ್ ಒಕ್ಕೂಟದ ಹೆಸರಲ್ಲಿ. ಪಾಪ, ನಂಬಿ ಊರಲ್ಲೇ ಉಳಿದರು. ತಂತಿ ಸುಳ್ಳು! ಕಳಿಸಿದವರು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಬಂದಿಲ್ಲ ಅಂತ ಅವರನ್ನು ಹೊರಗೆ ಹಾಕಿದರು, ಪ್ರಾಗ್‌ನವರು ಒಂದೇ ಒಂದು ಪಂದ್ಯವನ್ನೂ ಆಡದೆ ನೇರವಾಗಿ ಫೈನಲ್‌ಗೆ ಬಂದುಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ ಅಲ್ವಾ? ಮರುವರ್ಷ ಅದೇ ಕಾರ್ಲ್ಸ್‌ರೂಹೆ, ಪಂದ್ಯಗಳು ಯಾರ ಊರೂ ಅಲ್ಲದ ಜಾಗದಲ್ಲಿ ನಡೆಯುತ್ತಿಲ್ಲ ಅಂತ ದೂರು ಕೊಟ್ಟಿತು. ಫೈನಲ್ಲೇ ರದ್ದಾಗಿ, 1904ರಲ್ಲಿ ಚಾಂಪಿಯನ್ನೇ ಇಲ್ಲ. ಹಟ ಬಿಡದೆ ಆಡಿದ ಆ ತಂಡ ಕೊನೆಗೆ 1910ರಲ್ಲಿ ಚಾಂಪಿಯನ್ ಆಯಿತು. ನನಗೆ ಅದರ ಮೇಲೆ ಒಂದು ಮಮತೆ.

ಆದರೆ ಹೊರನಾಡಿನವನಾಗಿ ನನ್ನ ಮನಸ್ಸು ಹೋಗಿ ನಿಲ್ಲುವುದು ಪ್ರಾಗ್ ತಂಡದ ಮೇಲೆ. ಪ್ರಾಗ್ ಜರ್ಮನಿಯಲ್ಲಿ ಇರಲೇ ಇಲ್ಲ, ಆಗಲೂ. ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಊರು. ಅಲ್ಲಿ ಜರ್ಮನ್ ಮಾತಾಡುವವರು, ಅದರಲ್ಲೂ ಹೆಚ್ಚಾಗಿ ಯಹೂದಿಗಳು, ಕಟ್ಟಿಕೊಂಡ ಕ್ಲಬ್ ಅದು. ನಮ್ಮ ಮಾತಿನಲ್ಲಿ ಹೇಳಬೇಕಂದರೆ ಹೊರನಾಡ ಜರ್ಮನರು. 1900ರ ಜನವರಿಯಲ್ಲಿ ಲೈಪ್‌ಜಿಗ್‌ನ ಒಂದು ಹೋಟೆಲಿನಲ್ಲಿ 86 ಕ್ಲಬ್ಬುಗಳ ಪರವಾಗಿ ಜನ ಸೇರಿ ಜರ್ಮನ್ ಫುಟ್‌ಬಾಲ್ ಒಕ್ಕೂಟ ಕಟ್ಟಿದಾಗ ಮೊದಲ ಅಧ್ಯಕ್ಷರಾಗಿ ಆರಿಸಿದ್ದೂ ಪ್ರಾಗ್‌ನವರನ್ನೇ. ಫರ್ಡಿನಾಂಡ್ ಹ್ಯೂಪೆ, ಅಲ್ಲಿನ ಜರ್ಮನ್ ವಿಶ್ವವಿದ್ಯಾಲಯದ ಪ್ರೊಫೆಸರ್, ರಾಬರ್ಟ್ ಕಾಕ್ ಜೊತೆ ಕೆಲಸ ಮಾಡಿದ್ದ ಬ್ಯಾಕ್ಟೀರಿಯಾ ತಜ್ಞ. ಗಡಿಯ ಆಚೆ ಇದ್ದಾರೆ ಅಂತ ಅವರನ್ನು ಬೇರೆ ಮಾಡಲಿಲ್ಲ. ಭಾಷೆ ನಮ್ಮದು, ಹಾಗಾಗಿ ನಮ್ಮವರು, ಅಷ್ಟೇ. ಸಾಹಿತ್ಯ ಸಮ್ಮೇಳನವನ್ನು 1978ರಲ್ಲಿ ದೆಹಲಿಯಲ್ಲಿ ಮಾಡಿದಾಗ ಅಲ್ಲಿನ ಕನ್ನಡದವರಿಗೆ ಹೇಗನ್ನಿಸಿರಬಹುದು ಅಂತ ನನಗೆ ಇದನ್ನು ಓದುವಾಗ ಅರ್ಥವಾಯಿತು. 1904ರಲ್ಲಿ ಫಿಫಾ ಹುಟ್ಟಿ, ದೇಶದ ಗಡಿಯೇ ಆಟದ ಗಡಿ ಅಂತಾದ ಮೇಲೆ ಪ್ರಾಗ್‌ನವರಿಗೆ ಜರ್ಮನ್ ಚಾಂಪಿಯನ್‌ಶಿಪ್‌ನ ಬಾಗಿಲು ಮುಚ್ಚಿತು. 1939ರಲ್ಲಿ ನಾಜಿಗಳು ಪ್ರಾಗ್‌ಗೆ ನುಗ್ಗಿದಾಗ ಆ ಕ್ಲಬ್ಬೇ ಇಲ್ಲವಾಯಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನೆನಪು ಇಟ್ಟುಕೊಳ್ಳುವುದರಲ್ಲಿ ಜರ್ಮನರು ಮೊದಲಿಂದಲೂ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. 1910ರ ಆ ಕಾರ್ಲ್ಸ್‌ರೂಹೆ ತಂಡದಲ್ಲಿ ಇಬ್ಬರು ಯಹೂದಿ ಹುಡುಗರಿದ್ದರು, ಯೂಲಿಯುಸ್ ಹಿರ್ಶ್ ಮತ್ತು ಗಾಟ್‌ಫ್ರೀಡ್ ಫುಕ್ಸ್. ಇಬ್ಬರೂ ದೇಶಕ್ಕಾಗಿ ಆಡಿದವರು. ಫುಕ್ಸ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ರಷ್ಯಾ ವಿರುದ್ಧ ಒಂದೇ ಪಂದ್ಯದಲ್ಲಿ 10 ಗೋಲು ಹೊಡೆದರು. ನಾಜಿಗಳ ಕಾಲದಲ್ಲಿ ಇವರಿಬ್ಬರ ಹೆಸರನ್ನು ಆಟಗಾರರ ಪಟ್ಟಿಯಿಂದಲೇ ಕೈಬಿಟ್ಟರು. ಫುಕ್ಸ್ ತಪ್ಪಿಸಿಕೊಂಡು ಕೆನಡಾ ಸೇರಿದರು. ಹಿರ್ಶ್ ಅವರನ್ನು 1943ರಲ್ಲಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಕಳಿಸಿದರು, ಮತ್ತೆ ಬರಲಿಲ್ಲ. ಇವತ್ತು ಅದೇ ಒಕ್ಕೂಟ 2005ರಿಂದ ಪ್ರತಿವರ್ಷ ಹಿರ್ಶ್ ಹೆಸರಲ್ಲಿ ಪ್ರಶಸ್ತಿ ಕೊಡುತ್ತಿದೆ. ಎಷ್ಟೋ ವರ್ಷ ತಡವಾಗಿ. ಆದರೂ ಅಳಿಸಿದ ಹೆಸರನ್ನು ಮತ್ತೆ ಬರೆದರು. ಬರೆಯೋಕೆ ಆಗಿದ್ದು ಯಾಕೆ? ಹಳೇ ಪತ್ರಿಕೆ, ಹಳೇ ಫೋಟೊ, ಕ್ಲಬ್ಬಿನ ಕಡತ ಎಲ್ಲೋ ಒಂದು ಕಡೆ ಉಳಿದಿದ್ದವು.

ಈಗ ನಮ್ಮ ಕಡೆ ನೋಡಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ. 1891ರಿಂದ ನಡೆಯುತ್ತಿದ್ದ ಆ ಕಪ್ಪನ್ನು ಅಲ್ಲಿಯವರೆಗೂ ಬ್ರಿಟಿಷ್ ಸೈನ್ಯದ ತಂಡಗಳೇ ಹೊತ್ತುಕೊಂಡು ಹೋಗುತ್ತಿದ್ದವು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಮರುವರ್ಷವೂ ಅವರೇ ಗೆದ್ದರು. ಎಷ್ಟು ಜನಕ್ಕೆ ಗೊತ್ತು? ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡ 1911ರಲ್ಲಿ ಐಎಫ್‌ಎ ಶೀಲ್ಡ್ ಟೂರ್ನಮೆಂಟ್ ಗೆದ್ದದ್ದನ್ನು ಚಿಕ್ಕ ಮಕ್ಕಳೂ ಹೇಳುತ್ತಾರೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಕಾದು 2023ರ ಮಾರ್ಚ್‌ನಲ್ಲಿ ಕರ್ನಾಟಕ ಮತ್ತೆ ಗೆದ್ದಿತು. ಮೇಘಾಲಯದ ಮೇಲೆ 3-2. ಆ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ! ನಾನು ಇಲ್ಲಿ ಫೋನಿನಲ್ಲಿ ನೋಡುತ್ತಾ ಒಬ್ಬನೇ ಕೂಗಾಡಿದೆ. ಮಾರನೇ ದಿನ ಊರಿನ ಸ್ನೇಹಿತರಿಗೆ ಹೇಳಿದರೆ ಅರ್ಧ ಜನಕ್ಕೆ ಸುದ್ದಿಯೇ ಗೊತ್ತಿರಲಿಲ್ಲ. ನಿಜವಾಗಿ ಬೇಜಾರಾಯಿತು.

ನಮ್ಮಲ್ಲಿ ಆಟ ಇಲ್ಲ ಅಂತ ಅಲ್ಲ, ದುಡ್ಡಿಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ವ್ಯತ್ಯಾಸ ಇರುವುದು ಕ್ಲಬ್ ಅಂದರೆ ಏನು ಅನ್ನುವುದರಲ್ಲಿ. ಇಲ್ಲಿ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ನಮ್ಮ ಕರ್ನಾಟಕದ ಕಾನೂನಿನಲ್ಲೂ ಏಳೇ ಜನ ಸಾಕು. ಲೆಕ್ಕ ಒಂದೇ, ಅಭ್ಯಾಸ ಬೇರೆ. ಇಲ್ಲಿ ಆ ಹಿರಿಯರಂಥವರು ವರ್ಷ ವರ್ಷ ಚಂದಾ ಕಟ್ಟುತ್ತಾರೆ, ಸಭೆಗೆ ಹೋಗಿ ಕೂರುತ್ತಾರೆ, ಲೆಕ್ಕ ಕೇಳುತ್ತಾರೆ, ಕೈ ಎತ್ತಿ ಮತ ಹಾಕುತ್ತಾರೆ, ಯಾರು ಏನು ಹೇಳಿದರು ಅನ್ನುವುದು ಪುಸ್ತಕದಲ್ಲಿ ಬರೆದಾಗುತ್ತದೆ. ಹಾಗಾಗಿ ಅಧ್ಯಕ್ಷರು ಹೋದರೂ ಕ್ಲಬ್ ಹೋಗುವುದಿಲ್ಲ. 1903ರ ಆ ಲೈಪ್‌ಜಿಗ್ ಕ್ಲಬ್ಬಿನ ಕಥೆಯೇ ನೋಡಿ. ಯುದ್ಧದ ನಂತರ ಮುಚ್ಚಿತು, ಬೇರೆ ಬೇರೆ ಹೆಸರಲ್ಲಿ ಬದುಕಿತು, ಹಳೇ ಹೆಸರಿಗೆ ವಾಪಸ್ ಬಂತು, ಕೊನೆಗೆ ದಿವಾಳಿಯೂ ಆಯಿತು. 2003ರಲ್ಲಿ ಅಭಿಮಾನಿಗಳೇ ಸೇರಿ ಲೊಕೊಮೊಟಿವ್ ಅನ್ನುವ ಹೆಸರಲ್ಲಿ ಮತ್ತೆ ಕಟ್ಟಿದರು. ಎಲ್ಲಕ್ಕಿಂತ ಕೆಳಗಿನ ಲೀಗ್‌ನಿಂದ ಶುರು ಮಾಡಬೇಕಾಯಿತು. ಆ ಲೀಗ್‌ನ ಒಂದು ಪಂದ್ಯಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಬಂದರು, ಅಂದರೆ 1903ರ ಫೈನಲ್‌ಗೆ ಬಂದಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ನಮ್ಮಲ್ಲಿ ಒಬ್ಬ ಅಣ್ಣ ಇರುತ್ತಾನೆ. ಜರ್ಸಿ ಕೊಡಿಸುವುದು ಅವನೇ, ಎಂಟ್ರಿ ಫೀಸ್ ಕಟ್ಟುವುದು ಅವನೇ, ಗೆದ್ದರೆ ಬಿರಿಯಾನಿ ಹಾಕಿಸುವುದೂ ಅವನೇ. ಆ ಪ್ರೀತಿಯನ್ನು ನಾನು ಕಡಿಮೆ ಮಾಡಿ ಹೇಳೋದಿಲ್ಲ. ಇಲ್ಲಿ ಹೊಸಬನೊಬ್ಬ ತಂಡ ಸೇರಬೇಕಂದರೆ ಫಾರ್ಮು, ಸಹಿ, ಕಾಯುವಿಕೆ. ಹಲಸೂರಿನಲ್ಲೋ ಗೌತಮಪುರದಲ್ಲೋ ಮೈದಾನದ ಪಕ್ಕ ಹತ್ತು ನಿಮಿಷ ನಿಂತರೆ ಸಾಕು, "ಏ ಬಾರೋ, ಒಬ್ಬ ಕಡಿಮೆ ಇದ್ದಾನೆ" ಅಂತ ಕರೀತಾರೆ. ಅದು ನನಗೆ ಇವತ್ತಿಗೂ ಇಲ್ಲಿ ಸಿಕ್ಕಿಲ್ಲ. ಆದರೆ ಆ ಅಣ್ಣನಿಗೆ ವಯಸ್ಸಾಗುತ್ತದೆ, ಇಲ್ಲ ಮನೆ ಮಾರಿ ಊರ ಹೊರಗೆ ಹೋಗುತ್ತಾನೆ, ಆಗ ಟೀಮೂ ಹೋಗುತ್ತದೆ, ಅದರ ಹೆಸರೂ ಹೋಗುತ್ತದೆ. ಆ ಪ್ರೀತಿ ಹಾಗೇ ಇರಲಿ, ಜೊತೆಗೆ ಒಂದು ಪುಸ್ತಕವೂ ಇರಲಿ ಅನ್ನೋದಷ್ಟೇ ನನ್ನ ಮಾತು.

ನನ್ನ ಸೋದರಮಾವ ಎಪ್ಪತ್ತರ ದಶಕದಲ್ಲಿ ಹಲಸೂರಿನ ಒಂದು ಟೀಮಿಗೆ ಆಡುತ್ತಿದ್ದರು. ಅವರು ಗೆದ್ದ ಕಪ್ಪುಗಳು ಒಂದು ಗೋಣಿಚೀಲದಲ್ಲಿ ಕಟ್ಟಿ ಅಜ್ಜಿ ಮನೆ ಅಟ್ಟದ ಮೇಲೆ ಇವೆ. ಹೋದ ಸಲ ಊರಿಗೆ ಹೋದಾಗ ಇಳಿಸಿ ನೋಡಿದೆ. ಹಿತ್ತಾಳೆ ಕಪ್ಪಾಗಿದೆ, ಒಂದರ ಹಿಡಿ ಮುರಿದಿದೆ, ಕೆಳಗೆ ಅಂಟಿಸಿದ್ದ ಹೆಸರಿನ ತಗಡು ಬಹಳಷ್ಟರಲ್ಲಿ ಉದುರಿಹೋಗಿದೆ. ಯಾವ ಕಪ್ಪು ಯಾವ ವರ್ಷದ್ದು ಅಂತ ಚೀಲ ನೋಡಿ ಹೇಳೋಕೆ ಆಗಲ್ಲ. ಮಾವನಿಗೆ ಮಾತ್ರ ಗೊತ್ತು.

ಅದಕ್ಕೇ ಈ ಚಳಿಗಾಲ ಒಂದು ಕೆಲಸ ಶುರು ಮಾಡಿದ್ದೇನೆ. ಪ್ರತಿ ಭಾನುವಾರ ಮಾವನಿಗೆ ಫೋನ್ ಮಾಡಿ ಒಂದೊಂದು ಕಪ್ಪಿನ ಫೋಟೊ ತೋರಿಸುತ್ತೇನೆ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ಯಾರ ಮೇಲೆ ಆಡಿದಿರಿ, ಯಾವ ಮೈದಾನ, ಯಾರು ಗೋಲು ಹೊಡೆದರು, ರೆಫ್ರಿ ಯಾರು. ಬರೆದದ್ದನ್ನು ವಾಟ್ಸಾಪ್‌ನಲ್ಲಿ ಅವರಿಗೇ ಕಳಿಸುತ್ತೇನೆ. ಹೋದ ವಾರ ಹಿಡಿ ಮುರಿದ ಕಪ್ಪಿನ ಸರದಿ. ಹತ್ತು ಜನರ ಹೆಸರು ಪಟಪಟ ಹೇಳಿದರು, ಲೆಫ್ಟ್ ಬ್ಯಾಕ್ ಆಡಿದವನ ಹೆಸರು ಮಾತ್ರ ಬರಲೇ ಇಲ್ಲ. "ನಾಲಿಗೆ ತುದಿಯಲ್ಲಿದೆ ಕಣೋ, ಹಾಳಾದ್ದು" ಅಂತ ಫೋನ್ ಇಟ್ಟರು. ಇಲ್ಲಿ ರಾತ್ರಿ ಎರಡು ಗಂಟೆಗೆ, ಅಲ್ಲಿ ಇನ್ನೂ ಬೆಳಕು ಹರಿಯುವ ಹೊತ್ತು, ಮೆಸೇಜ್ ಬಂತು. ಹೆಸರು ಇತ್ತು. ಅದರ ಕೆಳಗೆ ಇನ್ನೊಂದು ಸಾಲು: "ಸ್ಕೋರ್ ತಪ್ಪು ಬರೆದಿದ್ದೀಯ. 3-1 ಅಲ್ಲ, 2-1. ಮೂರನೇ ಗೋಲು ರೆಫ್ರಿ ಕೊಡಲಿಲ್ಲ. ತಿದ್ದು."