ಲೈಸೆನ್ಸ್ ಬೇಡದ ಕಲ್ಲುಗಣಿ

ಜಲ್ಲಿ ಕ್ರಷರ್ ಹಾಕಬೇಕೆಂದರೆ ಲೈಸೆನ್ಸು, ರಾಜಧನ, ಸಿಡಿಮದ್ದಿಗೆ ಬೇರೆ ಪರವಾನಗಿ. ಕಿಡ್ನಿಯೊಳಗೆ ಕಲ್ಲು ಬೆಳೆಯಲು ಇದಾವುದೂ ಬೇಡ. ಬೆಳಗ್ಗೆ ಆರಕ್ಕೆ ಪಾರ್ಕಿನ ಗೇಟಿನ ಬಳಿ ಹಸಿರು ರಸದ ತಳ್ಳುಗಾಡಿ ನಿಂತಿರುತ್ತದೆ, ಅಲ್ಲಿಗೆ ಖಾಲಿ ಹೊಟ್ಟೆಯಲ್ಲಿ ಹೋದರಾಯಿತು.

ಖಾಲಿ ಹೊಟ್ಟೆ ಎಂಬುದೇ ಇಲ್ಲಿ ಕಸುಬಿನ ಗುಟ್ಟು. ಪಾಲಕ್ ಅರೆದು ಸೋಸಿದಾಗ ನಾರು ಚರಟದಲ್ಲಿ ಉಳಿಯುತ್ತದೆ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ, ನೀರಿನಲ್ಲಿ ಕರಗುವ ಆಕ್ಸಲೇಟ್ ಎಂಬ ಸೊಪ್ಪಿನ ಅಂಶ ಲೋಟಕ್ಕೆ ಇಳಿಯುತ್ತದೆ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಅದು ಹೆಚ್ಚುಕಡಿಮೆ 600ರಿಂದ 900 ಮಿಲಿಗ್ರಾಂ. ಕಲ್ಲಾದವರಿಗೆ ವೈದ್ಯರು ಹಾಕುವ ಮಿತಿ ಸಾಮಾನ್ಯವಾಗಿ ದಿನಕ್ಕೆ 100. ವಾರದ ರೇಷನ್ ಒಂದೇ ಗುಟುಕಿಗೆ!

ಇದೇ ಜನ ಮನೆಗೆ ಹೋಗಿ ಟೊಮೆಟೊ ಬೀಜವನ್ನು ಚಮಚದಲ್ಲಿ ಕೆರೆದು ತೆಗೆಸುತ್ತಾರೆ. ಬೀಜ ಕಿಡ್ನಿಯಲ್ಲಿ ಹೋಗಿ ಕೂರುತ್ತದಂತೆ, ವಾಟ್ಸ್ಯಾಪಿನಲ್ಲಿ ಬಂದಿದೆ. ಕರುಳಿನ ಗೋಡೆ ಹಾರಿ ರಕ್ತಕ್ಕೆ ಧುಮುಕುವಂಥ ಬೀಜ ಇನ್ನೂ ಹುಟ್ಟಿಲ್ಲ. ನೂರು ಗ್ರಾಂ ಟೊಮೆಟೊದ ಆಕ್ಸಲೇಟ್ 20 ಮಿಲಿಗ್ರಾಂ ಮುಟ್ಟಿದರೆ ಹೆಚ್ಚು.

ಮುಂದಿನ ಬಲಿ ಮೊಸರು. ಕಲ್ಲಿನ ಹೆಸರು ಕ್ಯಾಲ್ಸಿಯಂ ಆಕ್ಸಲೇಟ್, ಆದ್ದರಿಂದ ಹಾಲು–ಮೊಸರು ಬಂದ್. ನಿಜಕ್ಕೂ ಕ್ಯಾಲ್ಸಿಯಂ, ಆಕ್ಸಲೇಟ್ ಎರಡೂ ಊಟದ ಹೊತ್ತಿಗೆ ಕರುಳಿನಲ್ಲೇ ಜೋಡಿಯಾದರೆ ಮಲದ ಜೊತೆ ಊರು ಬಿಡುತ್ತವೆ. ಖಾಲಿ ಹೊಟ್ಟೆಯ ರಸದಂತೆ, ಅಲ್ಲಿ ಕ್ಯಾಲ್ಸಿಯಂ ಸಿಗದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ, ಕಿಡ್ನಿಗೆ ಬಂದು ಸಂಸಾರ ಹೂಡುತ್ತದೆ. 2002ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಐದು ವರ್ಷ ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಗಂಡಸರಲ್ಲಿ 23 ಮಂದಿಗೆ ಕಲ್ಲು ಮರುಕಳಿಸಿತು. ಕ್ಯಾಲ್ಸಿಯಂ ಉಳಿಸಿಕೊಂಡು ಉಪ್ಪು, ಮಾಂಸ ತಗ್ಗಿಸಿದ 60ರಲ್ಲಿ 12 ಮಂದಿಗೆ. ಉಪ್ಪಿನಕಾಯಿ ಬಿಡಿ ಎಂಬ ಫಾರ್ವರ್ಡ್ ಮಾತ್ರ ಯಾರಿಗೂ ಬಂದಂತಿಲ್ಲ.

ಬಸ್ಸಾರಿನ ನಾಡಿಗೆ ಸೊಪ್ಪು ಬೇಯಿಸಿ ಬಸಿಯುವುದನ್ನು ಯಾರೂ ಕಲಿಸಬೇಕಿಲ್ಲ. ಧಾರಾಳ ನೀರಿನಲ್ಲಿ ಕುದಿಸಿದರೆ ಕರಗುವ ಆಕ್ಸಲೇಟಿನ ದೊಡ್ಡ ಪಾಲು ನೀರಿಗೆ ಬಿಡುತ್ತದೆ. ತೊಡಕೆಂದರೆ ಆ ನೀರೇ ಸಾರು! ಪಲ್ಯದಿಂದ ಗಡೀಪಾರಾದದ್ದು ಮುದ್ದೆಯ ಜೊತೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಕಲ್ಲಿದ್ದವರು ದಂಟು, ಪಾಲಕ್ ಬಸಿದ ನೀರನ್ನು ಚೆಲ್ಲಿ, ಪಲ್ಯವನ್ನು ಮೊಸರಿನ ಜೊತೆ ತಿನ್ನಬೇಕು. (ಬಸ್ಸಾರುಪ್ರಿಯರು ಕ್ಷಮಿಸಲಿ.)

ಕರಾವಳಿಯಲ್ಲಿ ಬಿಂಬುಳಿ ಎಂಬ ಹುಳಿಕಾಯಿ ಸಾರಿಗೆ ನಾಲ್ಕು ಬಿದ್ದರೆ ರುಚಿ. ಕೊಲೆಸ್ಟರಾಲ್ ಇಳಿಸಲು ಅದರ ರಸವನ್ನೇ ಹಿಂಡಿ ಕುಡಿದ ಕೇರಳದ ಕೆಲವರು ಡಯಾಲಿಸಿಸ್ ಮಂಚ ಏರಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ; ಆಕ್ಸಲೇಟ್ ಹರಳು ಕಿಡ್ನಿಯ ನಳಿಕೆಗಳನ್ನೇ ಮುಚ್ಚಿತ್ತು. ದಿನಾ ಸಾವಿರ ಮಿಲಿಗ್ರಾಂ ವಿಟಮಿನ್ ಸಿ ಗುಳಿಗೆ ನುಂಗುವವರಲ್ಲಿ ಅದರ ಒಂದು ಪಾಲು ದೇಹದೊಳಗೇ ಆಕ್ಸಲೇಟ್ ಆಗುತ್ತದೆ.

ನೀರಿನ ಲೆಕ್ಕವೂ ತಲೆಕೆಳಗು. ಬಾಟಲಿಯ ಗೆರೆ ನೋಡುತ್ತಾರೆ. ನೋಡಬೇಕಾದದ್ದು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಯಿತೇ ಎಂದು. ಬೇಸಿಗೆಯಲ್ಲಿ ಅದಕ್ಕೆ ಮೂರು ಲೀಟರೂ ಸಾಲದು, ಬೆವರಿಗೂ ಪಾಲು ಕೊಡಬೇಕಲ್ಲ.

ಕಡೆಗೊಂದು ದಿನ ಆಘಾತ ತರಂಗದಿಂದ ಕಲ್ಲು ಪುಡಿ ಮಾಡಿಸಿಕೊಂಡು, ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದು ಕೇಳುತ್ತಾರೆ: “ಟೊಮೆಟೊ ಬೀಜ ಒಂದೂ ಬಿಡದೆ ತೆಗೀತಿದ್ವಲ್ಲ ಡಾಕ್ಟ್ರೇ, ಎಲ್ಲಿಂದ ಬಂತು ಇದು?”